ಎಲ್ಲವೂ ಸರಿಯಾಗಿರುವಾಗಲೇ ಕುಡಿತ ಬಿಡುವುದು

ವರ್ಷಗಟ್ಟಲೆ ದಿನವೂ ಕುಡಿದು, ಅದರ ಜೊತೆಗೇ ಕೆಲಸ, ಸಂಸಾರ, ಮಾನ ಮೂರನ್ನೂ ಉಳಿಸಿಕೊಂಡು ಬರುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಹೊತ್ತಿಗೆ ಸರಿಯಾಗಿ ಕಚೇರಿಗೆ ಹೋಗುತ್ತಾರೆ, ಸಾಲದ ಕಂತು ತಪ್ಪಿಸುವುದಿಲ್ಲ, ಮಕ್ಕಳ ಶಾಲೆಯ ಸಭೆಗೂ ಹಾಜರಾಗುತ್ತಾರೆ. ಬಾಟಲಿ ತೆರೆಯುವುದು ರಾತ್ರಿ ಎಂಟರ ಮೇಲೆಯೇ. ಇವರನ್ನು ಯಾರೂ ಕುಡುಕರೆನ್ನುವುದಿಲ್ಲ. ‘ಸಂಜೆ ಸ್ವಲ್ಪ ತಗೊಳ್ತಾರೆ’ ಅನ್ನುತ್ತಾರೆ, ಅಷ್ಟೆ. ಇಂಗ್ಲಿಷ್ ಬಲ್ಲವರು ‘ಹೈ ಫಂಕ್ಷನಿಂಗ್’ ಎನ್ನುವ ಈ ಕುಡಿತ ಯಾವ ವೈದ್ಯಕೀಯ ಪಟ್ಟಿಯಲ್ಲೂ ಇರುವ ರೋಗದ ಹೆಸರಲ್ಲ. ಆದರೆ ರೋಗನಿರ್ಣಯದ ಕ್ರಮಕ್ಕೂ ಜನರ ಕಣ್ಣಳತೆಗೂ ಎಷ್ಟು ಅಂತರವಿದೆ ಎಂಬುದು ಇವರ ವಿಷಯದಲ್ಲಿ ಗೊತ್ತಾಗುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಗೊತ್ತಾಗುವುದಿಲ್ಲ.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ಕೈಪಿಡಿ ಮದ್ಯಸೇವನೆಯ ತೊಂದರೆಯನ್ನು 11 ಲಕ್ಷಣಗಳಿಂದ ಗುರುತಿಸುತ್ತದೆ. ಅಂದುಕೊಂಡದ್ದಕ್ಕಿಂತ ಹೆಚ್ಚು ಕುಡಿಯುವುದು, ಕಡಿಮೆ ಮಾಡಲು ಹೋಗಿ ಸೋಲುವುದು, ಕುಡಿಯಬೇಕೆಂಬ ತೀವ್ರ ತುಡಿತ, ಅದೇ ಅಮಲಿಗೆ ಹೆಚ್ಚು ಹೆಚ್ಚು ಬೇಕಾಗುವುದು, ಬಿಟ್ಟರೆ ಮೈ ನಡುಗುವುದು ಅವುಗಳಲ್ಲಿ ಕೆಲವು. ಒಂದು ವರ್ಷದ ಅವಧಿಯಲ್ಲಿ ಎರಡು ಲಕ್ಷಣ ಕಂಡರೆ ತೊಂದರೆ ಶುರುವಾಗಿದೆ ಎಂದರ್ಥ; ಆರು ಅಥವಾ ಹೆಚ್ಚು ಕಂಡರೆ ಅದು ತೀವ್ರ ಸ್ವರೂಪದ್ದು. ಕೆಲಸ ಕಳೆದುಕೊಂಡಿರಬೇಕು, ಹೆಂಡತಿ ತವರಿಗೆ ಹೋಗಿರಬೇಕು ಎಂಬ ಷರತ್ತು ಅಲ್ಲೆಲ್ಲೂ ಇಲ್ಲ. ಹೊರಗಿನ ಬದುಕು ಸುಸೂತ್ರವಾಗಿ ನಡೆಯುತ್ತಿರುವಾಗಲೂ ಆರು ಲಕ್ಷಣಗಳು ಒಬ್ಬರಲ್ಲೇ ಕೂಡಿರಬಹುದು.

ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ ಮದ್ಯಕ್ಕೆ ಅವಲಂಬಿತರೆಂದು ಕಂಡುಬಂದ 1,484 ಜನರನ್ನು 2007ರ ಅಧ್ಯಯನವೊಂದು ಐದು ಗುಂಪುಗಳಾಗಿ ವಿಂಗಡಿಸಿತು. ಮಧ್ಯವಯಸ್ಸಿನ, ಓದಿದ, ಸ್ಥಿರ ಉದ್ಯೋಗ ಮತ್ತು ಕುಟುಂಬವಿರುವವರ ಗುಂಪು ಒಟ್ಟಿನ ಸುಮಾರು ಐದರಲ್ಲೊಂದು ಪಾಲಿನಷ್ಟಿತ್ತು. ದೀರ್ಘಕಾಲದ, ಅತಿ ತೀವ್ರ ಸ್ವರೂಪದ ಅವಲಂಬನೆಯಿದ್ದವರ ಗುಂಪು ಶೇ 9ರಷ್ಟು ಮಾತ್ರ. ಕುಡುಕ ಎಂದೊಡನೆ ಜನರ ಮನಸ್ಸಿಗೆ ಬರುವುದು ಈ ಶೇ 9ರ ಚಿತ್ರ. ಸ್ಥಿರವಾಗಿ ಬದುಕುತ್ತಿದ್ದವರ ಗುಂಪಿನಲ್ಲೂ ಮೂರರಲ್ಲೊಬ್ಬರ ವಂಶದಲ್ಲಿ ತಲೆಮಾರುಗಳಿಂದ ಕುಡಿತವಿತ್ತು, ನಾಲ್ಕರಲ್ಲೊಬ್ಬರು ಯಾವಾಗಲೋ ತೀವ್ರ ಖಿನ್ನತೆ ಅನುಭವಿಸಿದ್ದರು, ಹೆಚ್ಚುಕಡಿಮೆ ಅರ್ಧದಷ್ಟು ಜನ ಸಿಗರೇಟು ಸೇದುತ್ತಿದ್ದರು.

ಭಾರತದ ಅಂಕಿಅಂಶಗಳಲ್ಲಿ ಇಂಥ ವಿಂಗಡಣೆ ಇಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 5.7 ಕೋಟಿ ಜನರ ಕುಡಿತ ಹಾನಿಯ ಅಥವಾ ಅವಲಂಬನೆಯ ಮಟ್ಟ ಮುಟ್ಟಿದೆ. ಅವಲಂಬಿತರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಮದ್ಯದ ತೊಂದರೆಯಿರುವವರಲ್ಲಿ ಶೇ 86ರಷ್ಟು ಜನ ಚಿಕಿತ್ಸೆಯಿಂದ ಹೊರಗಿದ್ದಾರೆಂದು ಕಂಡುಕೊಂಡಿತು. ಹಾಗೆ ಹೊರಗುಳಿದವರೆಲ್ಲ ಬಡವರೆಂದು ತಿಳಿಯಲು ಕಾರಣವಿಲ್ಲ. ಆಸ್ಪತ್ರೆಗೆ ದುಡ್ಡಿದ್ದೂ ‘ನನಗೇನಾಗಿದೆ’ ಎನ್ನುವವರೂ ಈ ಲೆಕ್ಕದೊಳಗೇ ಇದ್ದಾರೆ.

ಕರ್ನಾಟಕದಲ್ಲಿ ಕುಡಿತದ ಚರ್ಚೆ ನಡೆದಿರುವುದೆಲ್ಲ ಬಹುಪಾಲು ಕೂಲಿಯ ದುಡ್ಡಿನ ಸುತ್ತ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು. 2019ರ ಜನವರಿಯಲ್ಲಿ ಹಳ್ಳಿಗಳ ಹೆಣ್ಣುಮಕ್ಕಳು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರ ಸಂಕಟ ನಿಜ, ಬೇಡಿಕೆಯೂ ನ್ಯಾಯವಾದದ್ದು. ಸಾಹಿತ್ಯದಲ್ಲೂ ಕನ್ನಡಿಗರಿಗೆ ಹೆಚ್ಚು ಪರಿಚಿತನಾದ ಕುಡುಕನೆಂದರೆ ಜಿ.ಪಿ. ರಾಜರತ್ನಂ ಅವರ ರತ್ನ. ಅವನು ಕುಡಿದದ್ದನ್ನು ಮುಚ್ಚಿಡದ ಬಡವ. ಮನೆಯ ಶೋಕೇಸಿನಲ್ಲಿ ಬಾಟಲಿ ಇಟ್ಟುಕೊಂಡವರ ಕುಡಿತ ಚಳವಳಿಗೂ ಬರಲಿಲ್ಲ, ಸರ್ಕಾರದ ನೀತಿಗೂ ಬರಲಿಲ್ಲ. ಅವರ ಮನೆಗಳಲ್ಲಿ ಪಾತ್ರೆ ಅಡವಿಡುವ ಪ್ರಸಂಗ ಬರದಿದ್ದುದೇ ಇದಕ್ಕೆ ಕಾರಣ.

ಅಳತೆಯಲ್ಲಿ ಮೋಸ ಹೋಗುವುದು ಬಲು ಸುಲಭ. ವೈದ್ಯರು ಬಳಸುವ ಒಂದು ಯೂನಿಟ್ ಎಂದರೆ 10 ಗ್ರಾಂ ಶುದ್ಧ ಮದ್ಯಸಾರ. ಭಾರತದಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಮದ್ಯಸಾರ ಇರುವುದರಿಂದ 30 ಮಿ.ಲೀ.ನ ಸಣ್ಣ ಪೆಗ್ ಒಂದು ಯೂನಿಟ್ ಆಗುತ್ತದೆ. ನೈಂಟಿ ಎಂದರೆ ಮೂರು ಯೂನಿಟ್, ಕ್ವಾರ್ಟರ್ ಎಂದರೆ ಆರು. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿ ಒಂದರಲ್ಲೇ ನಾಲ್ಕು ಯೂನಿಟ್ ಇರುತ್ತದೆ. ‘ಬರೀ ಬಿಯರು’ ಎನ್ನುವವರು ಇದನ್ನು ಗಮನಿಸಿರುವುದಿಲ್ಲ. ಮನೆಯಲ್ಲಿ ಅಳತೆಯ ಲೋಟವಿಲ್ಲದೆ ಕಣ್ಣಂದಾಜಿನಲ್ಲಿ ಸುರಿದುಕೊಂಡ ‘ಎರಡು ಪೆಗ್’ ಎಷ್ಟೋ ಸಲ ನಾಲ್ಕೈದು ಯೂನಿಟ್ ಆಗಿರುತ್ತದೆ. ದಿನಕ್ಕೊಂದು ಕ್ವಾರ್ಟರ್ ಕುಡಿಯುವವರ ದೇಹಕ್ಕೆ ವಾರಕ್ಕೆ ಸುಮಾರು 425 ಗ್ರಾಂ ಮದ್ಯಸಾರ ಹೋಗುತ್ತದೆ. ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು 2016ರಲ್ಲಿ ಕಡಿಮೆ ಅಪಾಯದ್ದೆಂದು ಸೂಚಿಸಿದ ಮಿತಿ ವಾರಕ್ಕೆ 112 ಗ್ರಾಂ. ವರ್ಷದ ಲೆಕ್ಕ ಹಾಕಿದರೆ ಈ ಕ್ವಾರ್ಟರ್‌ಗಳು 65 ಲೀಟರ್ ದಾಟುತ್ತವೆ, ಅಂದರೆ 87 ಫುಲ್ ಬಾಟಲಿ. ಒಂದು ರಾತ್ರಿಯೂ ತೂರಾಡದೆ, ಒಂದು ರಜೆಯನ್ನೂ ಹಾಕದೆ ಇಷ್ಟನ್ನು ಕುಡಿದು ಮುಗಿಸುವವರಿದ್ದಾರೆ.

ತೂರಾಡದಿರುವುದನ್ನು ಜನ ಗಟ್ಟಿತನವೆಂದು ಮೆಚ್ಚುತ್ತಾರೆ. ‘ಎಷ್ಟು ಹಾಕಿದರೂ ಏನೂ ಆಗಲ್ಲ ಅವನಿಗೆ’ ಎಂಬ ಮಾತಿನಲ್ಲಿ ಹೊಗಳಿಕೆಯೇ ಇರುತ್ತದೆ. ವೈದ್ಯರ ದೃಷ್ಟಿಯಲ್ಲಿ ಅದು ಎಚ್ಚರಿಕೆಯ ಗಂಟೆ. ಮದ್ಯಸಾರ ಮಿದುಳನ್ನು ಶಾಂತಗೊಳಿಸುವ ‘ಗಾಬಾ’ ವ್ಯವಸ್ಥೆಯನ್ನು ಬಲಪಡಿಸಿ, ಕೆರಳಿಸುವ ‘ಗ್ಲುಟಮೇಟ್’ ವ್ಯವಸ್ಥೆಯನ್ನು ತಗ್ಗಿಸುತ್ತದೆ. ದಿನವೂ ಹೀಗಾದರೆ ಮಿದುಳು ಸಮತೋಲನಕ್ಕಾಗಿ ಮೊದಲನೆಯದನ್ನು ಮಂಕಾಗಿಸಿ ಎರಡನೆಯದನ್ನು ಚುರುಕಾಗಿಸಿಕೊಳ್ಳುತ್ತದೆ. ಯಕೃತ್ತು ಕೂಡ ಮದ್ಯವನ್ನು ಒಡೆಯುವ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಅಮಲು ಏರುವುದಿಲ್ಲ, ಆದರೆ ಯಕೃತ್ತು, ರಕ್ತನಾಳ, ಅನ್ನನಾಳಗಳಿಗೆ ಆಗುವ ಹಾನಿ ತಪ್ಪುವುದಿಲ್ಲ. ಹೆಚ್ಚು ಕುಡಿಯುವವರಲ್ಲಿ ಬಹುಪಾಲು ಎಲ್ಲರಿಗೂ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ, ಅದು ನೋಯುವುದಿಲ್ಲ. ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ದರ್ಜೆಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಸೇರಿಸಿದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು.

ಹಾಗಿದ್ದೂ ಇವರು ಬಿಡುವುದು ತಡವೇಕೆ? ಇದಕ್ಕೆ ಅತ್ಯಂತ ಗಟ್ಟಿಯಾದ ಪುರಾವೆ ಸಿಕ್ಕಿದ್ದು ಹಾರ್ವರ್ಡಿನ ಮನೋವೈದ್ಯ ಜಾರ್ಜ್ ವೈಲಂಟ್ ಅವರ ದೀರ್ಘ ಅಧ್ಯಯನದಲ್ಲಿ. ಹಾರ್ವರ್ಡಿನಲ್ಲಿ ಓದಿದ 268 ಗಂಡಸರು ಮತ್ತು ಬಾಸ್ಟನ್ನಿನ ಬಡ ಕೇರಿಗಳಲ್ಲಿ ಬೆಳೆದ 456 ಗಂಡಸರು ಹರೆಯದಿಂದ ಅರುವತ್ತರವರೆಗೆ ಹೇಗೆ ಬದುಕಿದರೆಂಬುದನ್ನು ಅದು ದಾಖಲಿಸಿತು. ಮಿತಿಮೀರಿ ಕುಡಿಯುತ್ತಿದ್ದ ಬಡ ಕೇರಿಯವರಲ್ಲಿ ಅರುವತ್ತರ ಹೊತ್ತಿಗೆ ಶೇ 30 ಜನ ಪೂರ್ತಿ ಬಿಟ್ಟಿದ್ದರು, ಶೇ 28 ಜನ ಇನ್ನೂ ಕುಡಿಯುತ್ತಿದ್ದರು, ಶೇ 28 ಜನ ಸತ್ತಿದ್ದರು. ಹಾರ್ವರ್ಡಿನವರಲ್ಲಿ ಸತ್ತವರು ಕಡಿಮೆ, ಶೇ 18; ಆದರೆ ಬಿಟ್ಟವರು ಶೇ 11 ಮಾತ್ರ, ಶೇ 59 ಜನ ಹಾಗೆಯೇ ಕುಡಿಯುತ್ತಿದ್ದರು. ಓದು, ಹುದ್ದೆ, ಹಣ ಇವರನ್ನು ಬೀಳದಂತೆ ಹಿಡಿದವು, ಬಿಡದಂತೆಯೂ ಹಿಡಿದವು. ಈ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿಸಂಖ್ಯೆ ಬೇರೊಂದಿಲ್ಲ.

ಬೀಳದಂತೆ ಹಿಡಿಯುವ ಕೈಗಳು ಮನೆಯಲ್ಲೂ ಇರುತ್ತವೆ. ರಾತ್ರಿ ಒಂಬತ್ತರ ಮೇಲೆ ಬಂದ ಫೋನನ್ನು ಹೆಂಡತಿ ಎತ್ತಿಕೊಂಡು ‘ಮಲಗಿದ್ದಾರೆ’ ಎನ್ನುತ್ತಾಳೆ. ಸಂಜೆಯ ಮದುವೆ ಆರತಕ್ಷತೆಗೆ ಆಕೆ ಮಕ್ಕಳೊಡನೆ ಆಟೋದಲ್ಲಿ ಹೋಗಿ ಬರುತ್ತಾಳೆ. ಅಪ್ಪನಿಗೆ ಸಹಿ ಹಾಕಬೇಕಾದ ಕಾಗದವಿದ್ದರೆ ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲೇ ಕೊಡಬೇಕೆಂದು ಮಗಳಿಗೆ ಯಾರೂ ಹೇಳಿಕೊಡದೆ ಗೊತ್ತಿರುತ್ತದೆ. ಕುಡಿಯುವವರು ಹೆಂಗಸಾದರೆ ಮುಚ್ಚುಮರೆ ಇನ್ನೂ ಹೆಚ್ಚು. ಏಮ್ಸ್ ಸಮೀಕ್ಷೆಯಲ್ಲಿ ಕುಡಿಯುವ ಹೆಂಗಸರ ಪ್ರಮಾಣ ಶೇ 1.6 ಇರಬಹುದು, ಆದರೆ ಚಿಕಿತ್ಸೆ ಕೇಳಲು ಅವರು ದಾಟಬೇಕಾದ ನಾಚಿಕೆ ಗಂಡಸರದಕ್ಕಿಂತ ಬಹಳ ದೊಡ್ಡದು.

ಬಿಡುವ ನಿರ್ಧಾರ ಇಂಥವರಲ್ಲಿ ದೊಡ್ಡ ದುರಂತದಿಂದ ಹುಟ್ಟುವುದು ಅಪರೂಪ. ಬಾಸ್ಟನ್ನಿನ ಪತ್ರಕರ್ತೆ ಕ್ಯಾರೊಲಿನ್ ನ್ಯಾಪ್ ಸುಮಾರು 20 ವರ್ಷ ಕುಡಿಯುತ್ತಲೇ ಒಳ್ಳೆಯ ಹೆಸರು ಮಾಡಿದ್ದರು. ಒಮ್ಮೆ ಕುಡಿದಿದ್ದಾಗ ಸ್ನೇಹಿತೆಯ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಆಟಕ್ಕೆಂದು ಹೊತ್ತುಕೊಂಡು ಓಡಿ ಮುಗ್ಗರಿಸಿ ಬಿದ್ದರು. ಅವರ ಮೊಣಕಾಲಿಗೆ ಪೆಟ್ಟಾಯಿತು, ಮಕ್ಕಳಿಗೆ ಏನೂ ಆಗಲಿಲ್ಲ. ಏನಾಗಬಹುದಿತ್ತು ಎಂಬ ಯೋಚನೆ ಬಿಡಲಿಲ್ಲ. ಕೆಲವೇ ತಿಂಗಳಲ್ಲಿ, 1994ರಲ್ಲಿ, ಚಿಕಿತ್ಸಾಲಯ ಸೇರಿ ಕುಡಿತ ಬಿಟ್ಟರು. 1996ರಲ್ಲಿ ಬಂದ ಅವರ ಆತ್ಮಕಥನ ಈ ಬಗೆಯ ಕುಡಿತವನ್ನು ಒಳಗಿನಿಂದ ಬಿಡಿಸಿಟ್ಟ ಮೊದಮೊದಲ ಪುಸ್ತಕಗಳಲ್ಲೊಂದು. ಅಮೆರಿಕದ ಅಧ್ಯಕ್ಷರ ಪತ್ನಿಯಾಗಿದ್ದ ಬೆಟ್ಟಿ ಫೋರ್ಡ್ ಅವರ ವಿಷಯದಲ್ಲಿ 1978ರಲ್ಲಿ ಮನೆಯವರೇ ಸುತ್ತ ಕುಳಿತು ಮಾತನಾಡಬೇಕಾಯಿತು. ಅವರು ಗುಣಮುಖರಾಗಿ 1982ರಲ್ಲಿ ತಮ್ಮ ಹೆಸರಿನ ಚಿಕಿತ್ಸಾ ಕೇಂದ್ರವನ್ನೇ ತೆರೆದರು. ‘ಶೋಲೆ’, ‘ದೀವಾರ್’ ಚಿತ್ರಗಳ ಸಹಲೇಖಕರಾದ ಜಾವೇದ್ ಅಖ್ತರ್ ವರ್ಷಗಟ್ಟಲೆ ವಿಪರೀತ ಕುಡಿಯುತ್ತಿದ್ದು, 1991ರ ಜುಲೈ 31ರಂದು ನಿಲ್ಲಿಸಿದ್ದನ್ನು ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಚಿಕ್ಕದೊಂದು ಭಯ, ಮಗುವಿನ ಒಂದು ಮಾತು, ರಕ್ತ ಪರೀಕ್ಷೆಯಲ್ಲಿ ಏರಿದ, ಯಕೃತ್ತಿನ ಸ್ಥಿತಿ ತಿಳಿಸುವ ಜಿಜಿಟಿ ಅಂಕಿ, ಹಿಂದಿನ ರಾತ್ರಿ ಯಾರೊಂದಿಗೆ ಏನು ಮಾತಾಡಿದೆ ಎಂದು ನೆನಪಾಗದ ಬೆಳಗು — ಕಾರಣ ಇಷ್ಟೇ ಇರಬಹುದು, ಇಷ್ಟೇ ಸಾಕು ಕೂಡ. ಪಾತಾಳ ಮುಟ್ಟಿದ ಮೇಲೆಯೇ ಬಿಡಲು ಸಾಧ್ಯ ಎಂಬ ಹಳೆಯ ನಂಬಿಕೆ ಎಷ್ಟೋ ಜನರನ್ನು ವೃಥಾ ಕಾಯಿಸಿದೆ.

ನಿರ್ಧಾರ ಮಾಡಿದ ಮರುದಿನವೇ ಒಮ್ಮೆಲೇ ನಿಲ್ಲಿಸುವುದರಲ್ಲಿ ಅಪಾಯವಿದೆ. ದಿನವೂ ಹೆಚ್ಚು ಕುಡಿಯುತ್ತಿದ್ದವರಲ್ಲಿ ಕೊನೆಯ ಗುಟುಕಿನಿಂದ 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ವಾಕರಿಕೆ, ನಿದ್ರೆಗೇಡು ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ ಹುಳುಹುಪ್ಪಟೆ ಕಾಣುತ್ತವೆ, ಇರುವ ಜಾಗ ಗೊತ್ತಾಗುವುದಿಲ್ಲ, ಜ್ವರ, ಎದೆಬಡಿತ ಏರುತ್ತವೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಸಂಚಕಾರ. ಆಸ್ಪತ್ರೆಗಳ ಮೂಳೆ ವಿಭಾಗಕ್ಕೆ ಈ ದೃಶ್ಯ ಹೊಸದಲ್ಲ. ಕಾಲು ಮುರಿದುಕೊಂಡು ದಾಖಲಾದ ಮರ್ಯಾದಸ್ಥ ರೋಗಿ ಮೂರನೆಯ ದಿನ ಡ್ರಿಪ್ ಕಿತ್ತೆಸೆದು ಕೂಗಾಡುತ್ತಾರೆ. ಆಗ ವೈದ್ಯರು ಕೇಳುತ್ತಾರೆ, ಮನೆಯವರು ತಗ್ಗಿದ ದನಿಯಲ್ಲಿ ‘ದಿನಾ ತಗೊಳ್ತಿದ್ರು’ ಎನ್ನುತ್ತಾರೆ. ದಾಖಲಾಗುವಾಗಲೇ ಆ ಮಾತು ಹೇಳಿದ್ದರೆ ಅದನ್ನೆಲ್ಲ ತಡೆಯಬಹುದಿತ್ತು.

ಚಿಕಿತ್ಸೆ ಸರಳವಾದದ್ದೇ. ಕ್ಲೋರ್‌ಡಯಜಿಪಾಕ್ಸೈಡ್ ಅಥವಾ ಲೊರಜಿಪಾಮ್‌ನಂಥ ಔಷಧವನ್ನು ಸಾಕಷ್ಟು ಕೊಟ್ಟು ಕೆಲವು ದಿನಗಳಲ್ಲಿ ಇಳಿಸುತ್ತ ಬರುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ1 ಜೀವಸತ್ವ. ಅದರ ಕೊರತೆ ಮಿದುಳಿಗೆ ಶಾಶ್ವತ ಹಾನಿ ಮಾಡಬಲ್ಲದು. ಹಿಂದೆ ಫಿಟ್ಸ್ ಅಥವಾ ಸನ್ನಿ ಆಗಿದ್ದವರು, ಬೆಳಿಗ್ಗೆ ಎದ್ದೊಡನೆ ಕೈ ನಡುಗುವವರು ಆಸ್ಪತ್ರೆಯಲ್ಲಿದ್ದೇ ಬಿಡಬೇಕು. ಉಳಿದ ಅನೇಕರು ಮನೆಯಲ್ಲಿದ್ದು ವೈದ್ಯರ ನಿಗಾದಲ್ಲಿ ಬಿಡಬಹುದು.

ಪೂರ್ತಿ ಬಿಡಬೇಕೇ, ಮಿತಿಗೆ ಇಳಿಸಿದರೆ ಸಾಲದೇ ಎಂಬ ಪ್ರಶ್ನೆ ಇವರನ್ನು ಕಾಡುವಷ್ಟು ಬೇರೆಯವರನ್ನು ಕಾಡುವುದಿಲ್ಲ. ಸೌಮ್ಯ ತೊಂದರೆಯವರಲ್ಲಿ ಕೆಲವರು ಮಿತಿಗೆ ಬಂದು ನಿಲ್ಲುವುದುಂಟು. ಅವಲಂಬನೆ ಬಲವಾದ ಮೇಲೆ ಹಾಗಾಗುವುದು ವಿರಳ; ನಿಯಂತ್ರಿತ ಕುಡಿತಕ್ಕೆ ಮರಳಿದವರು ಮುಂದೆ ಹಳೆಯ ಸ್ಥಿತಿಗೇ ಜಾರುವ ಸಂಭವ ಹೆಚ್ಚೆಂದು ವೈಲಂಟ್ ಅವರ ಅಧ್ಯಯನ ತೋರಿಸಿತು. ವಾರಕ್ಕೆ ಎರಡೇ ದಿನ, ದಿನಕ್ಕೆ ಎರಡೇ ಯೂನಿಟ್ ಎಂದು ಬರೆದಿಟ್ಟು ಒಂದು ತಿಂಗಳು ಪಾಲಿಸಲು ಆಗದಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಮಿತಿ ಕಾಯುವುದಕ್ಕಿಂತ ಪೂರ್ತಿ ಬಿಡುವುದು ಸುಲಭವೆಂದು ಬಿಟ್ಟವರಲ್ಲಿ ಅನೇಕರು ಹೇಳುತ್ತಾರೆ. ದಿನವೂ ಚೌಕಾಶಿ ಮಾಡುವ ಕೆಲಸವೇ ಅಲ್ಲಿ ತಪ್ಪಿಹೋಗುತ್ತದೆ.

ಬಿಟ್ಟದ್ದನ್ನು ಉಳಿಸಿಕೊಳ್ಳಲು ನೆರವುಗಳಿವೆ. ತುಡಿತ ತಗ್ಗಿಸುವ ನಾಲ್ಟ್ರೆಕ್ಸೋನ್ ಮತ್ತು ಅಕಾಂಪ್ರೊಸೇಟ್ ಔಷಧಗಳು ಭಾರತದಲ್ಲಿ ಸಿಗುತ್ತವೆ. ಡೈಸಲ್ಫಿರಾಮ್ ಬೇರೆ ಜಾತಿಯದು: ಅದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ರೋಗಿಯ ಒಪ್ಪಿಗೆಯಿಂದ, ವೈದ್ಯರ ಉಸ್ತುವಾರಿಯಲ್ಲಿ ಮಾತ್ರ ಇದನ್ನು ಕೊಡಬೇಕು. ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ’ ಎಂದು ಮಾರುವ ಪುಡಿಗಳನ್ನು ಯಾವ ಮನೆಯವರೂ ಕೊಳ್ಳಬಾರದು. ಅದರಲ್ಲಿ ಏನಿದೆಯೆಂದು ತಿಳಿಯದೆ ಕೊಟ್ಟರೆ ಹೃದಯದ ತೊಂದರೆಯಿರುವವರು ಸಾಯಲೂಬಹುದು.

ಪರಸ್ಪರ ನೆರವಿನ ಗುಂಪುಗಳಲ್ಲಿ ಹಳೆಯದು ‘ಆಲ್ಕೊಹಾಲಿಕ್ಸ್ ಅನಾನಿಮಸ್’. ಅದು ಹುಟ್ಟಿದ್ದು 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ, ಷೇರುಪೇಟೆಯ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಅವರ ಭೇಟಿಯಿಂದ. ಸಭೆಗಳಿಗೆ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಬೆಂಗಳೂರಿನಲ್ಲಿ ಕನ್ನಡದಲ್ಲೂ ಸಭೆಗಳು ನಡೆಯುತ್ತವೆ. 27 ಅಧ್ಯಯನಗಳನ್ನು ಒಟ್ಟುಗೂಡಿಸಿದ 2020ರ ಕೊಕ್ರೇನ್ ವಿಮರ್ಶೆ, ನಿರಂತರವಾಗಿ ಕುಡಿಯದೆ ಉಳಿಯುವಲ್ಲಿ ಈ ಮಾರ್ಗಕ್ಕೆ ಕರೆತರುವ ಚಿಕಿತ್ಸೆಗಳು ಇತರ ಆಪ್ತಸಮಾಲೋಚನೆಗಳಿಗಿಂತ ಮೇಲು ಎಂದು ಕಂಡಿತು. ಕರ್ನಾಟಕದ್ದೇ ಆದ ಮಾದರಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಎಂಟು ದಿನ ಊರಿನ ಕಲ್ಯಾಣಮಂಟಪದಂಥ ಜಾಗದಲ್ಲಿ ಉಳಿಯುವ ಶಿಬಿರಾರ್ಥಿಗಳು ಆಮೇಲೆ ನವಜೀವನ ಸಮಿತಿಗಳ ಮೂಲಕ ಪರಸ್ಪರ ಸಂಪರ್ಕದಲ್ಲಿರುತ್ತಾರೆ. ಇಡೀ ಊರಿನೆದುರು ಬಿಡುವುದೇ ಅದರ ಬಲ. ಇಷ್ಟು ದಿನ ಯಾರಿಗೂ ತಿಳಿಯದಂತೆ ಕುಡಿದವರಿಗೆ ಅದೇ ಅಡ್ಡಿಯಾಗುತ್ತದೆ, ಹಾಗಾಗಿ ಗುಟ್ಟು ಕಾಯುವ ಗುಂಪುಗಳೂ ಹೊರರೋಗಿ ವಿಭಾಗಗಳೂ ಅವರಿಗೆ ಹೆಚ್ಚು ಒಗ್ಗುತ್ತವೆ. ಚೆನ್ನೈನಲ್ಲಿ ಶಾಂತಿ ರಂಗನಾಥನ್ ತಮ್ಮ ಪತಿಯನ್ನು ಕುಡಿತಕ್ಕೆ ಕಳೆದುಕೊಂಡ ಮೇಲೆ 1980ರಲ್ಲಿ ಟಿ.ಟಿ. ರಂಗನಾಥನ್ ಪ್ರತಿಷ್ಠಾನ ಕಟ್ಟಿದರು. ಆ ಪತಿ ದೊಡ್ಡ ಉದ್ಯಮಿ ಮನೆತನದವರು. ಸಿರಿತನ ಕುಡಿತದಿಂದ ಕಾಪಾಡುವುದಿಲ್ಲವೆಂಬುದನ್ನು ಅರಿತು ಹುಟ್ಟಿದ ಸಂಸ್ಥೆ ಅದು.

ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ‘ಸಂಗತ್’ ಸಂಸ್ಥೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರೇ ಹಾನಿಕರವಾಗಿ ಕುಡಿಯುತ್ತಿದ್ದ ಗಂಡಸರೊಡನೆ ಹೆಚ್ಚೆಂದರೆ ನಾಲ್ಕು ಸಲ ಕುಳಿತು ಮಾತನಾಡಿದರು. ಮೂರು ತಿಂಗಳ ಬಳಿಕ ಇವರಲ್ಲಿ ಶೇ 36 ಜನ ಅಪಾಯದ ಮಟ್ಟದಿಂದ ಹೊರಬಂದಿದ್ದರು. ಆ ಮಾತುಕತೆ ಸಿಗದವರಲ್ಲಿ ಹಾಗೆ ಹೊರಬಂದವರು ಶೇ 26.

ಮೊದಲ ತಿಂಗಳುಗಳ ಪ್ರಯಾಸ ಬೇರೆ ಥರದ್ದು. ನಿದ್ರೆ ಮೊದಲು ಕೆಡುತ್ತದೆ. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ಮದ್ಯ ಬೇಗ ನಿದ್ದೆ ಹತ್ತಿಸಿ ನಡುರಾತ್ರಿಯ ನಂತರ ಅದನ್ನು ಒಡೆಯುತ್ತಿತ್ತು. ಸಹಜ ನಿದ್ರೆಗೆ ಮಿದುಳು ಮರಳಲು ಕಾಲ ಬೇಕು. ಸಿಹಿ ತಿನ್ನುವ ಆಸೆ ಏರುತ್ತದೆ. ಸಂಜೆ ಏಳರಿಂದ ಹತ್ತರವರೆಗಿನ ಮೂರು ಗಂಟೆ ಏನು ಮಾಡುವುದೆಂದು ತೋಚದೆ ಭಾರವಾಗುತ್ತದೆ. ಕುಡಿತ ಮುಚ್ಚಿಟ್ಟಿದ್ದ ಆತಂಕ, ಖಿನ್ನತೆ ಮೇಲೆ ಬರುತ್ತವೆ. ಕೆಲವು ವಾರಗಳಾದರೂ ಇಳಿಯದಿದ್ದರೆ ಅವಕ್ಕೂ ಚಿಕಿತ್ಸೆ ಬೇಕು. ದೇಹ ಮಾತ್ರ ಬೇಗ ಸ್ಪಂದಿಸುತ್ತದೆ: ರಕ್ತದೊತ್ತಡ ಇಳಿಯುತ್ತದೆ, ಜಿಜಿಟಿ ಬಹುಪಾಲು ಎರಡರಿಂದ ಆರು ವಾರಗಳಲ್ಲಿ ಸಹಜಕ್ಕೆ ಬರುತ್ತದೆ, ಯಕೃತ್ತಿನ ಕೊಬ್ಬು ಕರಗುತ್ತದೆ. ಗಟ್ಟಿಯಾಗಿ ಸಿರೋಸಿಸ್ ಆದ ಯಕೃತ್ತು ಮಾತ್ರ ಮೊದಲಿನಂತಾಗುವುದಿಲ್ಲ.

ಮರಳಿ ಕುಡಿಯುವ ಅಪಾಯ ಮೊದಲ ಮೂರು ತಿಂಗಳಲ್ಲೇ ಹೆಚ್ಚು. ಒಂದು ಸಲ ಜಾರಿದೊಡನೆ ‘ಎಲ್ಲ ಮುಗಿಯಿತು’ ಎಂದುಕೊಳ್ಳುವ ಮನಸ್ಸೇ ಒಂದು ಗ್ಲಾಸನ್ನು ಒಂದು ತಿಂಗಳ ಕುಡಿತವಾಗಿಸುತ್ತದೆಂದು ಅಮೆರಿಕದ ಮನೋವಿಜ್ಞಾನಿ ಅಲನ್ ಮಾರ್ಲಟ್ 1985ರ ಹೊತ್ತಿಗೇ ವಿವರಿಸಿದ್ದರು. ಜಾರಿದವರನ್ನು ಮನೆಯವರು ಹೀಯಾಳಿಸಿದರೆ ಆ ಮನಸ್ಸಿಗೇ ಬಲ ಬರುತ್ತದೆ. ಮನೆಯವರು ಮಾಡಬಹುದಾದದ್ದು ಬೇರೆ ಇದೆ: ಮುಚ್ಚಿಡುವುದನ್ನು ನಿಲ್ಲಿಸುವುದು, ಬಾಟಲಿಗಳನ್ನು ಮನೆಯಿಂದ ಹೊರಹಾಕುವುದು, ತಾವೂ ನೆರವು ಪಡೆಯುವುದು. ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ 1951ರಲ್ಲಿ ಶುರು ಮಾಡಿದ ‘ಆಲ್-ಅನಾನ್’ ಇರುವುದು ಮನೆಯವರಿಗಾಗಿಯೇ. ಎರಡು ಮೂರು ವರ್ಷ ಗಟ್ಟಿಯಾಗಿ ನಿಂತವರೂ ಮಗಳ ಮದುವೆ, ನಿವೃತ್ತಿಯ ಪಾರ್ಟಿಗಳಲ್ಲಿ ‘ಇವತ್ತೊಂದಿನ ತಾನೇ’ ಎಂಬ ಮಾತಿಗೆ ಜಾರುವುದುಂಟು. ಐದು ವರ್ಷ ದಾಟಿದ ಮೇಲೆ ಮರಳಿ ಕುಡಿದವರು ವೈಲಂಟ್ ಅವರ ಅಧ್ಯಯನದಲ್ಲಿ ಅಪರೂಪ.

ಕೆಲಸ ಹೋಗುತ್ತದೆ, ಹೆಸರು ಕೆಡುತ್ತದೆ ಎಂಬ ಭಯದಿಂದ ಚಿಕಿತ್ಸೆಗೆ ಹಿಂಜರಿಯುವವರು ತಿಳಿದಿರಬೇಕಾದ ಮಾತೊಂದಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ತೊಂದರೆಗಳನ್ನೂ ಒಳಗೊಳ್ಳುತ್ತದೆ, ಚಿಕಿತ್ಸೆಯ ವಿವರ ಗೋಪ್ಯವಾಗಿಡಬೇಕೆಂಬುದು ಅದರಡಿ ರೋಗಿಯ ಹಕ್ಕು. ಇರುವ ಉದ್ಯೋಗ, ಮನೆ, ಜೊತೆಗಿರುವ ಜನ ಚಿಕಿತ್ಸೆ ಫಲಿಸಲು ಬಹಳ ನೆರವಾಗುತ್ತವೆ. ಅವು ಕೈಯಲ್ಲಿರುವಾಗಲೇ ಬಿಟ್ಟವರಿಗೆ ದಾರಿ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆ, ಉತ್ತರಿಸಲು ಕೆಲವೇ ನಿಮಿಷ ಸಾಕು, 40ರಲ್ಲಿ 8 ಅಂಕ ಬಂದರೆ ವೈದ್ಯರೊಡನೆ ಮಾತನಾಡಬೇಕು. ಬಿ.ಪಿ., ಸಕ್ಕರೆ ನೋಡುವ ಪ್ರತಿಯೊಬ್ಬ ಕುಟುಂಬ ವೈದ್ಯರೂ ಇದನ್ನು ಕೇಳುವಂತಾಗಬೇಕು, ಎದುರಿಗೆ ಕುಳಿತವರು ಎಷ್ಟೇ ಗಣ್ಯರಾಗಿದ್ದರೂ. ಯಾರನ್ನು ಕೇಳುವುದೆಂದು ತಿಳಿಯದವರು ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.